ನೊಯ್ಯಲ್ ದಡಕ್ಕೊಂದು ನೀಲಿಯ ಗುಡಾಣ ಬೇಕು

ಹೊಸ ಸೀರೆ ಉಟ್ಟವರನ್ನು ಎಲ್ಲಿ ತಗೊಂಡಿರಿ, ಎಷ್ಟು ಕೊಟ್ಟಿರಿ, ಯಾವ ಊರಿನ ನೇಯ್ಗೆ ಎಂದೆಲ್ಲ ವಿಚಾರಿಸುತ್ತೇವೆ. ಅದಕ್ಕೆ ಬಣ್ಣ ಎಲ್ಲಿ ಹಾಕಿದರು, ಬಣ್ಣ ಹಾಕಿದ ನೀರನ್ನು ಎಲ್ಲಿಗೆ ಬಿಟ್ಟರು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹೀಗೆ ಯಾರೂ ಕೇಳದೇ ಹೋದದ್ದಕ್ಕೆ ಬೆಲೆ ತೆತ್ತ ನದಿಯೊಂದು ನಮ್ಮ ನೆರೆಯಲ್ಲೇ ಇದೆ. ಅದರ ಹೆಸರು ನೊಯ್ಯಲ್.

ಕೊಯಮತ್ತೂರಿನ ಪಶ್ಚಿಮಕ್ಕೆ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೇರೂರಿನ ಪಟ್ಟೀಶ್ವರನ ಗುಡಿಯ ಬಳಿ ಹರಿದು, ಕೊಯಮತ್ತೂರು ಮತ್ತು ತಿರುಪ್ಪೂರು ನಗರಗಳನ್ನು ಹಾದು, ಸುಮಾರು 180 ಕಿಲೋಮೀಟರ್ ಸಾಗಿ ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುವ ನದಿ ಇದು. ಕೊಡಗಿನಿಂದ ಹೊರಟ ನೀರಿಗೆ ಬಂದು ಕೂಡುವ ನೀರು ಎಂಬ ಕಾರಣಕ್ಕಾದರೂ ಕನ್ನಡದವರಿಗೆ ಇದು ಪರಕೀಯವಲ್ಲ. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಅಲ್ಲಿನ ಕೈಮಗ್ಗದ ಊರುಗಳಲ್ಲಿ ನೆಲೆನಿಂತ ದೇವಾಂಗರ ಎಷ್ಟೋ ಮನೆಗಳ ಮಾತು ಇಂದಿಗೂ ಕನ್ನಡ. ಶಾಲೆಯಲ್ಲಿ ತಮಿಳು ಓದುತ್ತಾರೆ, ಮನೆಯಲ್ಲಿ ಹಿರಿಯರೊಡನೆ ಕನ್ನಡ ಆಡುತ್ತಾರೆ, ಚೌಡೇಶ್ವರಿಗೆ ನಡೆದುಕೊಳ್ಳುತ್ತಾರೆ. ನೂಲಿನ, ಮಗ್ಗದ ಕಸುಬಿನಲ್ಲಿ ಕನ್ನಡ ಮಾತಿನವರ ಪಾಲು ಆ ಸೀಮೆಯಲ್ಲಿ ತಲೆಮಾರುಗಳಿಂದ ಇದೆ.

ತಿರುಪ್ಪೂರು ಒಂದು ಕಾಲಕ್ಕೆ ಖಾದಿಯ ಊರು. 1932ರ ಜನವರಿಯಲ್ಲಿ ಪೊಲೀಸರ ಲಾಠಿ ಏಟಿಗೆ ಬಿದ್ದರೂ ಕೈಯ ಬಾವುಟ ಬಿಡದೆ ಪ್ರಾಣ ಕೊಟ್ಟ ತಿರುಪ್ಪೂರು ಕುಮಾರನ್ ನೆನಪು ಆ ಊರಿನಲ್ಲಿ ಇನ್ನೂ ಹಸಿರಾಗಿದೆ. ಆಮೇಲೆ ಅದು ಬನಿಯನ್ನಿನ ಊರಾಯಿತು. ಸ್ಥಳೀಯರ ಬಾಯಲ್ಲಿ ಹೊಲಿಗೆಯ ಕಾರ್ಖಾನೆ ಈಗಲೂ ‘ಬನಿಯನ್ ಕಂಪನಿ’, ಬಣ್ಣದ ಕಾರ್ಖಾನೆ ‘ಸಾಯಪಟ್ಟರೈ’. ಬಿಳಿ ಬನಿಯನ್ ಮಾರುವಷ್ಟು ದಿನ ಬಣ್ಣದ ಹಂಗು ಅಷ್ಟಾಗಿ ಇರಲಿಲ್ಲ. 1980ರ ದಶಕದಲ್ಲಿ ರಫ್ತು ಏರತೊಡಗಿದ ಮೇಲೆ ಲೆಕ್ಕ ಬದಲಾಯಿತು. ಯೂರೋಪು, ಅಮೆರಿಕದ ಅಂಗಡಿಗಳಿಗೆ ಹೋಗುವ ಟೀಶರ್ಟಿಗೆ ಪ್ರತಿ ಋತುವಿಗೂ ಹೊಸ ಬಣ್ಣ ಬೇಕು. ನೊಯ್ಯಲ್ ದಡದುದ್ದಕ್ಕೂ ಸಾಯಪಟ್ಟರೈಗಳು ಎದ್ದವು.

ಹತ್ತಿಗೆ ಈಗ ಹಾಕುವ ಬಹುಪಾಲು ಬಣ್ಣ ರಿಯಾಕ್ಟಿವ್ ಜಾತಿಯದು. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಮಾರುಕಟ್ಟೆಗೆ ತಂದ ಈ ಬಣ್ಣಗಳು ಹತ್ತಿಯ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಆದ್ದರಿಂದಲೇ ಒಗೆದರೂ ಬಿಡುವುದಿಲ್ಲ. ಆದರೆ ನೀರಿನಲ್ಲಿ ಕರಗಿದ ಬಣ್ಣವನ್ನು ನಾರಿನ ಕಡೆಗೆ ಒತ್ತಲು ಉಪ್ಪು ಬೇಕು. ಲೀಟರ್ ನೀರಿಗೆ ಹತ್ತಾರು ಗ್ರಾಂ ಉಪ್ಪು ಸುರಿಯಬೇಕು. ಬಣ್ಣದ ಹೆಚ್ಚಿನ ಪಾಲು ಬಟ್ಟೆಗೆ ಹೋಗುತ್ತದೆ, ಉಪ್ಪು ಅಷ್ಟೂ ನೀರಿನಲ್ಲೇ ಉಳಿಯುತ್ತದೆ. ಕೊಳೆಯುವ ಕಶ್ಮಲವನ್ನು ಕೊಳೆಯಿಸಿ ತೆಗೆಯಬಹುದು, ಬಣ್ಣವನ್ನು ಸುಣ್ಣ ಹಾಕಿ ತಳಕ್ಕೆ ಇಳಿಸಬಹುದು. ಕರಗಿದ ಉಪ್ಪನ್ನು ಮಾತ್ರ ಸಾಧಾರಣ ಶುದ್ಧೀಕರಣ ಘಟಕ ಮುಟ್ಟಲಾರದು. ಹಾಗಾಗಿ ‘ಶುದ್ಧೀಕರಿಸಿದ’ ನೀರು ತಿಳಿಯಾಗಿ ಕಂಡರೂ ಉಪ್ಪುಪ್ಪಾಗಿಯೇ ನದಿಗೆ ಇಳಿಯಿತು, ಅಲ್ಲಿಂದ ಬಾವಿಗೆ, ಬಾವಿಯಿಂದ ಹೊಲಕ್ಕೆ ಹೋಯಿತು.

ಇದರ ಪರಿಣಾಮ ಎದ್ದು ಕಂಡದ್ದು ಒರತ್ತುಪಾಳಯಂ ಅಣೆಕಟ್ಟಿನಲ್ಲಿ. ತಿರುಪ್ಪೂರಿನ ಕೆಳಗೆ, ಚೆನ್ನಿಮಲೆಯ ಹತ್ತಿರ, ನೀರಾವರಿಗೆಂದೇ ಕಟ್ಟಿ 1992ರಲ್ಲಿ ಮುಗಿಸಿದ ಅಣೆಕಟ್ಟು ಅದು. ಕೆಲವೇ ವರ್ಷಗಳಲ್ಲಿ ಅದು ಸಾಯಪಟ್ಟರೈಗಳ ತ್ಯಾಜ್ಯ ನೀರಿನ ತೊಟ್ಟಿಯಾಗಿ ಹೋಯಿತು. ಯಾವ ರೈತರಿಗಾಗಿ ಅಣೆಕಟ್ಟು ಕಟ್ಟಿದರೋ ಅದೇ ರೈತರು ದಯವಿಟ್ಟು ನೀರು ಬಿಡಬೇಡಿ ಎಂದು ಕೇಳಿಕೊಳ್ಳುವ ಸ್ಥಿತಿ ಬಂತು. ನೀರಿಗಾಗಿ ಜಗಳ ಕಂಡ ನಮಗೆ, ನೀರು ಬೇಡವೆಂಬ ರೈತರ ಹೋರಾಟ ಎಷ್ಟು ಘೋರವೆಂದು ಬಿಡಿಸಿ ಹೇಳಬೇಕಿಲ್ಲ.

ನೊಯ್ಯಲ್ ಅಚ್ಚುಕಟ್ಟುದಾರರ ಸಂಘ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2006ರಲ್ಲಿ ಕೋರ್ಟು, ಒಂದು ಹನಿ ತ್ಯಾಜ್ಯವೂ ಹೊರಗೆ ಹೋಗದಂಥ ವ್ಯವಸ್ಥೆ ಮಾಡಿಕೊಳ್ಳಿ ಎಂದಿತು. ಕಾರ್ಖಾನೆ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಕೊಳೆ ಮಾಡಿದವರೇ ಅದರ ಖರ್ಚು ಹೊರಬೇಕು ಎಂಬ ನಿಲುವನ್ನು 2009ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಆದರೂ ಆದೇಶ ಜಾರಿಗೆ ಬರಲಿಲ್ಲವೆಂದು 2011ರ ಜನವರಿ 28ರಂದು ಹೈಕೋರ್ಟು ಏಳುನೂರಕ್ಕೂ ಹೆಚ್ಚು ಬಣ್ಣದ ಮತ್ತು ಬ್ಲೀಚಿಂಗ್ ಘಟಕಗಳನ್ನು ಒಮ್ಮೆಗೇ ಮುಚ್ಚಿಸಿತು. ಊರಿಗೆ ಊರೇ ಸ್ತಬ್ಧವಾಯಿತು. ಕೆಲಸ ಹೋದ ಕೂಲಿಕಾರರು ಗಂಟುಮೂಟೆ ಕಟ್ಟಿದರು. ತಪ್ಪು ಯಾರದೇ ಆಗಿರಲಿ, ಮೊದಲು ಹಸಿದವರು ಅವರೇ.

ಆಮೇಲಿನ ತಿರುಪ್ಪೂರು ಕಷ್ಟಪಟ್ಟು ಎದ್ದು ನಿಂತ ಊರು. ರಿವರ್ಸ್ ಆಸ್ಮೋಸಿಸ್ ಯಂತ್ರಗಳಿಂದ ನೀರನ್ನು ಹಿಂದಕ್ಕೆ ಪಡೆಯುತ್ತಾರೆ, ಉಳಿದ ಉಪ್ಪುನೀರನ್ನು ಕಾಯಿಸಿ ಆವಿ ಮಾಡಿ ಉಪ್ಪನ್ನೂ ಮರಳಿ ಬಳಸುತ್ತಾರೆ. ದೇಶದ ಬೇರೆ ಬಟ್ಟೆ ಊರುಗಳಿಗೆ ಇದೊಂದು ಮೇಲ್ಪಂಕ್ತಿ. ಇದಕ್ಕೆ ಕರೆಂಟು, ಸೌದೆ, ದುಡ್ಡು ಮೂರೂ ಹೇರಳವಾಗಿ ಬೇಕು. ಮರುಬಳಕೆಗೆ ಬಾರದ ಮಿಶ್ರ ಉಪ್ಪು, ಕೆಸರು ಇನ್ನೂ ರಾಶಿ ಬೀಳುತ್ತಿವೆ. ಇಷ್ಟೆಲ್ಲ ನಡೆದರೂ, ಆ ಟೀಶರ್ಟ್ ತೊಡುವವನಿಗೆ ಇದರ ಸುಳಿವು ಇಲ್ಲ. ಕಾನೂನು ಕಾರ್ಖಾನೆಯನ್ನು ತಿದ್ದಿತು, ಕೊಳ್ಳುವವರನ್ನು ತಿದ್ದುವವರು ಯಾರು? ನನ್ನ ಮಟ್ಟಿಗೆ ಅದಕ್ಕಿರುವ ದಾರಿ ಒಂದೇ. ಬಣ್ಣ ಹಾಕುವ ಕೆಲಸವನ್ನು ಜನರ ಕಣ್ಣೆದುರು, ಅವರದೇ ಕೈಯಲ್ಲಿ ಮಾಡಿಸಬೇಕು. ಹಾಗೆ ಮಾಡಿಸುತ್ತಿರುವ ನಾಡು ಜಪಾನ್. ಅವರು ಅದಕ್ಕೆ ಆರಿಸಿಕೊಂಡ ಬಣ್ಣ ನೀಲಿ.

ಜಪಾನಿನ ಶಿಕೋಕು ದ್ವೀಪದ ತೊಕುಶಿಮಾ ಪ್ರಾಂತ್ಯ, ಹಳೆಯ ಹೆಸರಿನಲ್ಲಿ ಆವಾ, ನೀಲಿಗೆ ಹೆಸರಾದ ಸೀಮೆ. ಅಲ್ಲಿ ಯೋಶಿನೋ ನದಿ ಪ್ರತಿವರ್ಷ ಚಂಡಮಾರುತದ ಮಳೆಗೆ ಉಕ್ಕಿ ಹೊಲಗಳ ಮೇಲೆ ಹರಿಯುತ್ತಿತ್ತು. ಶರತ್ಕಾಲಕ್ಕೆ ಕೊಯ್ಲಾಗುವ ಭತ್ತಕ್ಕೆ ಆ ಪ್ರವಾಹ ಮಾರಿ. ನೀಲಿಯ ಗಿಡವನ್ನಾದರೆ ಪ್ರವಾಹ ಬರುವ ಮೊದಲೇ, ಬೇಸಿಗೆಯಲ್ಲೇ ಕೊಯ್ಯಬಹುದು. ಉಕ್ಕಿದ ನದಿ ಬಿಟ್ಟುಹೋದ ಹೊಸ ಮಣ್ಣು ಮುಂದಿನ ಬೆಳೆಗೆ ಗೊಬ್ಬರ. ನದಿಯ ಸ್ವಭಾವ ನೋಡಿ ಬೆಳೆ ಆರಿಸಿಕೊಂಡ ಜಾಣ ರೈತಾಪಿ ಅದು. ತೊಕುಗವಾ ಅರಸೊತ್ತಿಗೆಯ ಕಾಲದಲ್ಲಿ ರೇಷ್ಮೆ, ಗಾಢ ಬಣ್ಣಗಳು ಸಾಮಾನ್ಯರಿಗೆ ನಿಷಿದ್ಧವಾದವು. ಅವರಿಗೆ ಉಳಿದದ್ದು ಹತ್ತಿ. ಹತ್ತಿಗೆ ಚೆನ್ನಾಗಿ ಹಿಡಿಯುವ ಬಣ್ಣ ನೀಲಿ. ರೈತನ ಅಂಗಿ, ಅಂಗಡಿಯ ಪರದೆ, ಬೆಂಕಿ ನಂದಿಸುವವರ ದಪ್ಪ ಕೋಟು ಎಲ್ಲಕ್ಕೂ ನೀಲಿಯೇ. 1874ರಲ್ಲಿ ಜಪಾನಿಗೆ ಹೋದ ಬ್ರಿಟಿಷ್ ರಸಾಯನಶಾಸ್ತ್ರಜ್ಞ ರಾಬರ್ಟ್ ವಿಲಿಯಂ ಆಟ್ಕಿನ್ಸನ್ ಎಲ್ಲೆಡೆ ಕಂಡ ಈ ಬಣ್ಣವನ್ನು ‘ಜಪಾನ್ ಬ್ಲೂ’ ಎಂದು ಕರೆದ.

ನಮ್ಮ ನೀಲಿಯ ಗಿಡ ಅವರಲ್ಲಿಲ್ಲ. ಅವರದು ಕೆರೆಯಂಚಿನ ಕಳೆಯಂಥ ಬೇರೊಂದು ಗಿಡ. ಬೇಸಿಗೆಯಲ್ಲಿ ಕೊಯ್ದು, ಕತ್ತರಿಸಿ, ಎಲೆಯನ್ನು ಕಡ್ಡಿಯಿಂದ ಬೇರ್ಪಡಿಸಿ ಒಣಗಿಸುತ್ತಾರೆ. ಸೆಪ್ಟೆಂಬರಿನಲ್ಲಿ ಆ ಒಣ ಎಲೆಯನ್ನು ಮಣ್ಣಿನ ನೆಲದ ಕೊಟ್ಟಿಗೆಯಲ್ಲಿ ರಾಶಿ ಹಾಕಿ ನೀರು ಚಿಮುಕಿಸುತ್ತಾರೆ. ರಾಶಿ ಬಿಸಿಯೇರುತ್ತದೆ. ಒಳಗಿನ ಶಾಖ 60 ಡಿಗ್ರಿ ದಾಟುತ್ತದೆ. ಕಣ್ಣು ಉರಿಸುವ ಅಮೋನಿಯದ ವಾಸನೆಯಲ್ಲೇ ನಿಂತು ನಾಲ್ಕೈದು ದಿನಕ್ಕೊಮ್ಮೆ ರಾಶಿಯನ್ನು ಅಡಿಮೇಲು ಮಾಡಿ, ಮತ್ತೆ ನೀರು ಹಾಕಿ, ಹುಲ್ಲಿನ ಚಾಪೆ ಹೊದಿಸುತ್ತಾರೆ. ಹೀಗೆ ಸುಮಾರು ನೂರು ದಿನ. ಕೊನೆಗೆ ಸಿಗುವ ಕಪ್ಪು ಗೊಬ್ಬರದಂಥ ವಸ್ತುವೇ ‘ಸುಕುಮೊ’. ಅದನ್ನು ಬೂದಿಯ ತಿಳಿನೀರು, ಗೋಧಿ ಬೂಸಾ, ಸುಣ್ಣ, ಒಂದಿಷ್ಟು ಅಕ್ಕಿ ಮದ್ಯದ ಜೊತೆ ನೆಲದಲ್ಲಿ ಹೂತ ಗುಡಾಣಗಳಲ್ಲಿ ಕದಡಿ ಹುದುಗಲು ಬಿಡುತ್ತಾರೆ. ವಾರ ಹತ್ತು ದಿನದಲ್ಲಿ ಮೇಲೆ ನೇರಳೆ ಛಾಯೆಯ ನೀಲಿ ನೊರೆ ಗೊಂಚಲಾಗಿ ಏಳುತ್ತದೆ. ಅವರು ಅದನ್ನು ನೀಲಿಯ ಹೂವು ಎನ್ನುತ್ತಾರೆ. ಹೂವು ಬಂತೆಂದರೆ ಗುಡಾಣ ಬಣ್ಣಕ್ಕೆ ಸಿದ್ಧ.

ತೊಕುಶಿಮಾದ ಐಝುಮಿ ಊರಿನಲ್ಲಿ ಹಿಂದಿನ ನೀಲಿ ವರ್ತಕರ ಮನೆಯೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಗೆ ಹೋದವರು ಗಾಜಿನ ಪೆಟ್ಟಿಗೆಯ ಸಾಮಾನು ನೋಡಿ ವಾಪಸ್ಸು ಬರಬೇಕಿಲ್ಲ. ಒಂದು ಬಿಳಿ ಕರವಸ್ತ್ರ ಕೊಂಡು, ಏಪ್ರನ್ ಕಟ್ಟಿಕೊಂಡು, ತಾವೇ ಗುಡಾಣದಲ್ಲಿ ಅದ್ದಬಹುದು. ನಗೋಯ ನಗರದ ಅರಿಮತ್ಸು ಬಡಾವಣೆಯಲ್ಲಿ ನಾನೂರು ವರ್ಷದಿಂದ ನಡೆದುಬಂದ ಗಂಟು ಕಟ್ಟಿ ಬಣ್ಣ ಹಾಕುವ ಶಿಬೊರಿ ಕೆಲಸವನ್ನೂ ಹೀಗೇ ಹೇಳಿಕೊಡುತ್ತಾರೆ. ಶಾಲಾ ಮಕ್ಕಳು, ಪ್ರವಾಸಿಗಳು, ಬಟ್ಟೆ ವಿನ್ಯಾಸ ಕಲಿಯುವವರು ಎಲ್ಲರಿಗೂ ಬಾಗಿಲು ತೆರೆದಿದೆ.

ಆ ಅದ್ದುವ ಕ್ಷಣವನ್ನು ಹತ್ತಿರದಿಂದ ನೋಡಿದರೆ ನೀಲಿಯ ಗುಟ್ಟು ಪೂರಾ ತಿಳಿಯುತ್ತದೆ. ಮೊದಲು ಬಟ್ಟೆಯನ್ನು ಬರಿಯ ನೀರಿನಲ್ಲಿ ಚೆನ್ನಾಗಿ ನೆನೆಸಿ ಹಿಂಡಬೇಕು. ಒಣಬಟ್ಟೆ ಅದ್ದಿದರೆ ಅದರೊಳಗಿನ ಗಾಳಿಯೂ ಗುಡಾಣಕ್ಕೆ ಇಳಿಯುತ್ತದೆ. ಆ ಗಾಳಿಯೇ ಗುಡಾಣಕ್ಕೆ ಶತ್ರು. ನೊರೆಯನ್ನು ಬದಿಗೆ ಸರಿಸಿದರೆ ಕೆಳಗಿನ ದ್ರವ ನೀಲಿಯಾಗಿಲ್ಲ, ಹಳದಿ ಬೆರೆತ ಹಸಿರು. ಬಟ್ಟೆಯನ್ನು ಅಂಚಿನಿಂದ ಮೆಲ್ಲಗೆ ಇಳಿಸಿ, ನೀರು ಚಿಮ್ಮದಂತೆ, ಒಳಗೇ ಬೆರಳಿನಿಂದ ಮಡಿಕೆ ಬಿಡಿಸುತ್ತ ಎರಡು ಮೂರು ನಿಮಿಷ ಆಡಿಸಬೇಕು. ಹೊರತೆಗೆದಾಗ ಬಟ್ಟೆ ಎಳೆ ಬಾಳೆಸುಳಿಯ ಹಸಿರು. ಕಣ್ಣೆದುರೇ ಅಂಚು ಮೊದಲು ನೀಲಿಗೆ ತಿರುಗುತ್ತದೆ, ಮಡಿಕೆ ಬಿಡಿಸಿದಲ್ಲೆಲ್ಲ ನೀಲಿ ಹಬ್ಬುತ್ತದೆ, ಕೆಲವು ನಿಮಿಷಗಳಲ್ಲಿ ಹಸಿರಿನ ಸುಳಿವೂ ಉಳಿಯುವುದಿಲ್ಲ. ಒಂದೆರಡು ಅದ್ದಿಗೆ ತಿಳಿ ಆಕಾಶ ನೀಲಿ, ಹತ್ತಾರು ಅದ್ದಿಗೆ ಕಪ್ಪಿಗೆ ಹತ್ತಿರದ ನೀಲಿ. ಹೆಚ್ಚು ಹೊತ್ತು ಮುಳುಗಿಸಿಟ್ಟರೆ ಬಣ್ಣ ಗಾಢವಾಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಎಷ್ಟು ಸಲ ಅದ್ದಿ ಗಾಳಿಗೆ ಹಿಡಿದಿರಿ ಎಂಬುದರ ಮೇಲೆ ಬಣ್ಣ ನಿಂತಿದೆ.

ಇದರ ಹಿಂದಿನ ರಸಾಯನ ಸರಳ. ನೀಲಿ ನೀರಿನಲ್ಲಿ ಕರಗದ ವಸ್ತು. ಕರಗದ್ದು ನಾರಿನೊಳಗೆ ಇಳಿಯುವುದಿಲ್ಲ. ಕ್ಷಾರದಲ್ಲಿ ಬದುಕಬಲ್ಲ ಬ್ಯಾಕ್ಟೀರಿಯಾಗಳು ಬೂಸಾದಂಥ ಆಹಾರ ತಿಂದು ಗುಡಾಣದ ಆಮ್ಲಜನಕವನ್ನೆಲ್ಲ ಮುಗಿಸಿ, ನೀಲಿಯನ್ನು ಕರಗುವ ಹಸಿರು–ಹಳದಿ ರೂಪಕ್ಕೆ ಇಳಿಸುತ್ತವೆ. ಆ ರೂಪದಲ್ಲಿ ಅದು ನಾರಿನೊಳಗೆ ನುಗ್ಗುತ್ತದೆ. ಹೊರಗೆ ಬಂದು ಗಾಳಿ ಸೋಕಿದೊಡನೆ ಮತ್ತೆ ಕರಗದ ನೀಲಿಯಾಗಿ ನಾರಿನ ಒಳಗೇ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಉಪ್ಪು ಬೇಡ, ಪಟಿಕದಂಥ ಬಂಧಕವೂ ಬೇಡ. ಹುದುಗು ಹದವಾಗಿದೆಯೇ ಎಂಬುದನ್ನು ಬಣ್ಣಗಾರರು ವಾಸನೆಯಿಂದಲೇ ಪತ್ತೆ ಹಚ್ಚುತ್ತಾರೆ, ನಮ್ಮ ಮನೆಗಳಲ್ಲಿ ದೋಸೆ ಹಿಟ್ಟಿನ ಹದ ತಿಳಿಯುವಂತೆ. ಗುಡಾಣವನ್ನು ದಿನವೂ ಕದಡಬೇಕು, ಸುಣ್ಣ ಕಡಿಮೆಯಾದರೆ ಕೊಡಬೇಕು, ದಣಿದರೆ ರಜೆ ಕೊಡಬೇಕು. ಪ್ರತಿ ಸಲಕ್ಕೂ ಚೆಲ್ಲುವ ನೀರು ಅದಲ್ಲ. ಉಣಿಸುತ್ತ ಹೋದರೆ ತಿಂಗಳುಗಟ್ಟಲೆ ಬಣ್ಣ ಕೊಡುತ್ತದೆ.

ಈ ವಿದ್ಯೆಯನ್ನು ಜಪಾನ್ ಸುಲಭವಾಗಿ ಉಳಿಸಿಕೊಂಡಿಲ್ಲ. ಕಾರ್ಖಾನೆಯ ನೀಲಿ ಬಂದ ಮೇಲೆ ತೊಕುಶಿಮಾದ ನೀಲಿಯ ಹೊಲಗಳು ಕುಸಿದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಆಹಾರದ ಬೆಳೆಗೇ ಮೊದಲ ಮಣೆ ಸಿಕ್ಕು ನೀಲಿಗೆ ನೆಲವೇ ಇಲ್ಲವಾಯಿತು. ಬೀಜ ಕಾಪಾಡಿಕೊಂಡ ಕೆಲವೇ ಮನೆಗಳಿಂದ ಅದು ಮರುಹುಟ್ಟು ಪಡೆಯಿತು. 1978ರಲ್ಲಿ ಸರ್ಕಾರ ಸುಕುಮೊ ಮಾಡುವ ವಿದ್ಯೆಯನ್ನು ರಾಷ್ಟ್ರ ಸಂರಕ್ಷಿಸಬೇಕಾದ ತಂತ್ರಗಳ ಪಟ್ಟಿಗೆ ಸೇರಿಸಿತು. ಸರ್ಕಾರದ ಮುದ್ರೆ ಒಂದು ಕೈ, ಗುಡಾಣಕ್ಕೆ ಕೈ ಹಾಕಿ ಹೋದ ಸಂದರ್ಶಕರ ಪ್ರೀತಿ ಇನ್ನೊಂದು ಕೈ. ಎರಡೂ ಸೇರಿ ಆ ಕಸುಬಿಗೆ ಹೊಸ ತಲೆಮಾರಿನ ಯುವಕ ಯುವತಿಯರನ್ನು ಕರೆತಂದಿವೆ.

ಇನ್ನು ನಮ್ಮ ಕಡೆಗೆ ಬರೋಣ. ನೀಲಿ ನಮಗೆ ಆಮದು ವಿದ್ಯೆಯಲ್ಲ. ತಮಿಳರು ‘ಅವುರಿ’ ಎನ್ನುವ ಗಿಡವನ್ನು ವಿಳುಪ್ಪುರಂ ಜಿಲ್ಲೆಯ ತಿಂಡಿವನಂ ಸುತ್ತಮುತ್ತ ಇಂದಿಗೂ ಬೆಳೆದು ನೀಲಿಯ ಬಿಲ್ಲೆ ತೆಗೆಯುತ್ತಾರೆ. ಹೊಲದಿಂದ ತಂದ ಸೊಪ್ಪಿನ ಹೊರೆಯನ್ನು ತೊಟ್ಟಿಯಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ. ಬೆಳಿಗ್ಗೆ ಹಳದಿ–ಹಸಿರಾದ ನೀರನ್ನು ಕೆಳಗಿನ ತೊಟ್ಟಿಗೆ ಬಿಟ್ಟು, ಅದರಲ್ಲಿ ಸಾಲಾಗಿ ನಿಂತ ಗಂಡಸರು ಎರಡು ಮೂರು ಗಂಟೆ ಕಾಲಿನಿಂದ ನೀರನ್ನು ಒದ್ದು ಒದ್ದು ಗಾಳಿ ಬೆರೆಸುತ್ತಾರೆ. ನೊರೆ ಹಸಿರಿನಿಂದ ನೀಲಿಗೆ ತಿರುಗುತ್ತದೆ. ತಳಕ್ಕೆ ಇಳಿದ ಗಸಿಯನ್ನು ಕಾಯಿಸಿ, ಸೋಸಿ, ಒತ್ತಿ, ಬಿಲ್ಲೆ ಕತ್ತರಿಸಿ ಒಣಗಿಸಿದರೆ ಬಣ್ಣ ಸಿದ್ಧ. ನೂರಾರು ಕಿಲೋ ಸೊಪ್ಪಿಗೆ ಸಿಗುವುದು ಒಂದೆರಡು ಕಿಲೋ. ಗಿಡ ದ್ವಿದಳ ಜಾತಿಯದು, ಮಣ್ಣಿಗೆ ಸಾರಜನಕ ಕೊಡುತ್ತದೆ, ಹಿಂಡಿದ ಸೊಪ್ಪು ಹೊಲಕ್ಕೆ ಹಸಿರೆಲೆ ಗೊಬ್ಬರವಾಗುತ್ತದೆ. ಈಗ ಮದರಂಗಿಯ ಜೊತೆ ತಲೆಗೂದಲಿಗೆ ಹಚ್ಚುವ ಪುಡಿಯಾಗಿಯೂ ಈ ಸೊಪ್ಪಿಗೆ ಗಿರಾಕಿ ಇದ್ದಾರೆ.

ಗುಡಾಣಕ್ಕೂ ದಕ್ಷಿಣದವರಿಗೆ ತಮ್ಮದೇ ಪಾಕವಿದೆ. ಜಪಾನಿನ ಗೋಧಿ ಬೂಸಾದ ಜಾಗದಲ್ಲಿ ನಮ್ಮಲ್ಲಿ ತಗಚೆ ಬೀಜ. ಮಳೆಗಾಲದಲ್ಲಿ ರಸ್ತೆ ಬದಿಗೆ ತಾನೇ ಹುಟ್ಟುವ ತಗಚೆಯ ಬೀಜ ಬೇಯಿಸಿದರೆ ಲೋಳೆಲೋಳೆಯಾದ ಗಂಜಿ ಬರುತ್ತದೆ. ಅದು ಬ್ಯಾಕ್ಟೀರಿಯಾಕ್ಕೆ ಊಟ. ಕ್ಷಾರಕ್ಕೆ ಸುಣ್ಣದ ತಿಳಿ. ಹವೆಯಲ್ಲಂತೂ ಕೊಯಮತ್ತೂರು ಸೀಮೆ ಜಪಾನಿಗಿಂತ ಮೇಲು. ಹುದುಗಿಗೆ ಬೆಚ್ಚನೆಯ ಹವೆ ಬೇಕು. ಜಪಾನಿನಲ್ಲಿ ಚಳಿಗಾಲಕ್ಕೆ ಗುಡಾಣಗಳ ನಡುವೆ ಬೆಂಕಿ ಹಾಕಿ ಕಾಪಾಡಬೇಕು. ಇಲ್ಲಿ ವರ್ಷವಿಡೀ ಬಿಸಿಲೇ ಸಾಕು. ಪುದುಚೇರಿ ಪಕ್ಕದ ಆರೋವಿಲ್‌ನಲ್ಲಿ 1990ರ ದಶಕದಲ್ಲಿ ಶುರುವಾದ ‘ದಿ ಕಲರ್ಸ್ ಆಫ್ ನೇಚರ್’ ಘಟಕ ಈ ಹುದುಗಿನ ಗುಡಾಣವನ್ನು ಮತ್ತೆ ಬಳಕೆಗೆ ತಂದು, ಕಾರ್ಖಾನೆಯ ರಾಸಾಯನಿಕವಿಲ್ಲದೆ ದೊಡ್ಡ ಪ್ರಮಾಣದಲ್ಲಿಯೂ ನೀಲಿ ಹಾಕಬಹುದೆಂದು ತೋರಿಸಿದೆ.

ಇಲ್ಲೊಂದು ಎಚ್ಚರ ಬೇಕು. ಗಿಡದ ಬಣ್ಣವೆಂದ ಮಾತ್ರಕ್ಕೆ ಅದು ಪುಣ್ಯದ ಬಣ್ಣವಾಗುವುದಿಲ್ಲ. ಈ ದೇಶದಲ್ಲಿ ನೀಲಿಯಷ್ಟು ಕಣ್ಣೀರು ಹರಿಸಿದ ಬೆಳೆ ಬೇರೆ ಕಡಿಮೆ. ಬಂಗಾಳದ ರೈತರು 1859–60ರಲ್ಲಿ ನೀಲಿಯ ದೊರೆಗಳ ವಿರುದ್ಧ ತಿರುಗಿಬಿದ್ದರು. ಬಿಹಾರದ ಚಂಪಾರಣದಲ್ಲಿ ಇಪ್ಪತ್ತು ಭಾಗದಲ್ಲಿ ಮೂರು ಭಾಗ ನೆಲಕ್ಕೆ ಕಡ್ಡಾಯವಾಗಿ ನೀಲಿ ಹಾಕಬೇಕೆಂಬ ಕಟ್ಟಳೆ ಇತ್ತು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದದ್ದು ಅದಕ್ಕಾಗಿಯೇ. ಆ ಹೊತ್ತಿಗೆ ಜರ್ಮನಿಯ ನೀಲಿ ಬಂದಾಗಿತ್ತು. ಅಡಾಲ್ಫ್ ಫಾನ್ ಬೇಯರ್ 1880ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದ ನೀಲಿಯನ್ನು ಬಿಎಎಸ್‌ಎಫ್ ಕಂಪನಿ 1897ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಕೆಲವೇ ವರ್ಷಗಳಲ್ಲಿ ಗಿಡದ ನೀಲಿಯ ವ್ಯಾಪಾರ ನೆಲಕಚ್ಚಿತು. ಆದ್ದರಿಂದ ಇನ್ನು ಮುಂದೆ ನೀಲಿ ಬೆಳೆದರೆ ಬೆಳೆಯುವವನ ಇಷ್ಟದ ಮೇಲೆ, ಅವನಿಗೆ ಗಿಟ್ಟುವ ಬೆಲೆಯ ಮೇಲೆ ಬೆಳೆಯಬೇಕು. ಮಿಕ್ಕ ಬೆಳೆಗಳ ನಡುವೆ ಸಣ್ಣದಾಗಿ ಬೆಳೆಯಬೇಕು.

ಗಿಡದ ನೀಲಿ ತಿರುಪ್ಪೂರಿನ ಸಾಯಪಟ್ಟರೈಗಳನ್ನು ಬದಲಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ಜಗತ್ತು ವರ್ಷಕ್ಕೆ ಹತ್ತಾರು ಸಾವಿರ ಟನ್ ಕಾರ್ಖಾನೆಯ ನೀಲಿ ಬಳಸುತ್ತದೆ, ಬಹುಪಾಲು ಜೀನ್ಸ್‌ಗೆ. ಅಷ್ಟನ್ನೂ ಗಿಡದಿಂದ ತೆಗೆಯಲು ಹೊರಟರೆ ಅನ್ನ ಬೆಳೆಯುವ ನೆಲ ಕಿತ್ತುಕೊಳ್ಳಬೇಕಾಗುತ್ತದೆ. ಕೆಂಪು, ಹಳದಿ, ಗುಲಾಬಿ ಟೀಶರ್ಟುಗಳಿಗೆ ನೀಲಿ ಉತ್ತರವೂ ಅಲ್ಲ. ದೊಡ್ಡ ಕಾರ್ಖಾನೆಗಳ ನೀರನ್ನು ಯಂತ್ರ, ಕಾನೂನು, ಕಾವಲು ಮೂರೂ ಸೇರಿಯೇ ಶುದ್ಧವಾಗಿಡಬೇಕು. ನಮ್ಮ ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ನೀರಿನ ತಕರಾರು ನೋಡಿದರೆ, ತಿರುಪ್ಪೂರು ಕಲಿತ ಪಾಠ ಕರ್ನಾಟಕಕ್ಕೂ ಬೇಕಾಗಿದೆ ಎನ್ನುವುದು ಗೊತ್ತಾಗುತ್ತದೆ. ಗುಡಾಣದ ಕೆಲಸ ಬೇರೆ. ಒಂದು ಕರವಸ್ತ್ರಕ್ಕೆ ಬಣ್ಣ ಹಿಡಿಸಲು ಎಷ್ಟು ಸೊಪ್ಪು, ಎಷ್ಟು ನೀರು, ಎಷ್ಟು ದಿನದ ಆರೈಕೆ, ಎಷ್ಟು ಕೈ ಬೇಕೆಂದು ಅದು ಅದ್ದಿದವರಿಗೆ ಮನದಟ್ಟು ಮಾಡಿಕೊಡುತ್ತದೆ. ಒಮ್ಮೆ ಅದ್ದಿ ನೋಡಿದವರು ಇನ್ನೂರು ರೂಪಾಯಿಗೆ ಮೂರು ಟೀಶರ್ಟ್ ಎಂಬ ಬೋರ್ಡಿನ ಮುಂದೆ ಮೊದಲಿನ ಹಾಗೆ ನಿಲ್ಲಲಾರರು.

ಇಂಥ ಕಲಿಕೆಯ ಮನೆಗೆ ಕೊಯಮತ್ತೂರು–ತಿರುಪ್ಪೂರು ಸೀಮೆಗಿಂತ ತಕ್ಕ ಜಾಗ ದಕ್ಷಿಣದಲ್ಲಿ ಇನ್ನೊಂದಿಲ್ಲ. ಭಾರತದ ಅತಿ ಉದ್ದ ಎಳೆಯ ಸುವಿನ್ ಹತ್ತಿಯನ್ನು 1974ರಲ್ಲಿ ಬಿಡುಗಡೆ ಮಾಡಿದ್ದು ಕೊಯಮತ್ತೂರಿನ ಹತ್ತಿ ಸಂಶೋಧಕರು. ಜವಳಿ ಸಂಶೋಧನೆಯ ‘ಸಿಟ್ರಾ’ ಅಲ್ಲೇ ಇದೆ. ನೆಗಮಂ ಹತ್ತಿ ಸೀರೆ, ಸಿರುಮುಗೈ ರೇಷ್ಮೆ, ಭೌಗೋಳಿಕ ಗುರುತು ಪಡೆದ ಕೋವೈ ಕೋರಾ ಸೀರೆ ಎಲ್ಲವೂ ಈ ಸೀಮೆಯವು. ಪೊಳ್ಳಾಚಿಯ ಎಥಿಕಸ್ ಸಂಸ್ಥೆ ನಮ್ಮ ಎಚ್.ಡಿ. ಕೋಟೆ ಕಡೆಯ ರೈತರು ಬೆಳೆದ ಸಾವಯವ ಹತ್ತಿಯಿಂದ ಪೊಳ್ಳಾಚಿಯ ಕೈಮಗ್ಗಗಳಲ್ಲಿ ಸೀರೆ ನೇಯಿಸುತ್ತದೆ. ಸೀರೆಯ ಚೀಟಿಯ ಮೇಲೆ ನೇಯ್ದವರ ಹೆಸರು, ಭಾವಚಿತ್ರ ಇರುತ್ತವೆ. ಹತ್ತಿಯ ಹೊಲದಿಂದ ಮಗ್ಗದವರೆಗೆ ಆಸಕ್ತರನ್ನು ಕರೆದೊಯ್ದು ತೋರಿಸುವ ಪರಿಪಾಠವನ್ನೂ ಅವರು ಹಾಕಿದ್ದಾರೆ. ಕರ್ನಾಟಕದಲ್ಲಿ ಸಾಗರ ತಾಲ್ಲೂಕಿನ ಭೀಮನಕೋಣೆಯ ‘ಚರಕ’ 1996ರಿಂದ ಹಳ್ಳಿಯ ಹೆಣ್ಣುಮಕ್ಕಳ ಕೈಯಲ್ಲಿ ಅಡಿಕೆ ಚೊಗರು ಮುಂತಾದ ಸಹಜ ಬಣ್ಣಗಳ ಬಟ್ಟೆ ಮಾಡಿಸುತ್ತ, ಬಣ್ಣದ ಮನೆ ಊರಿನ ನಡುವೆಯೂ ಇರಬಹುದೆಂದು ತೋರಿಸಿಕೊಟ್ಟಿದೆ. ಊಟಿಗೆ, ವಾಲ್ಪಾರೈಗೆ ಹೋಗುವ ಲಕ್ಷಾಂತರ ಜನ ಕೊಯಮತ್ತೂರು ಸೀಮೆಯನ್ನು ಹಾದೇ ಹೋಗುತ್ತಾರೆ. ಸರಕು ಖರೀದಿಗೆ ಬರುವ ಹೊರದೇಶದ ವ್ಯಾಪಾರಿಗಳು ತಿರುಪ್ಪೂರಿನಲ್ಲಿ ತಂಗುತ್ತಾರೆ. ಅವರೆಲ್ಲ ಅರ್ಧ ದಿನ ನಿಂತು ನೋಡುವ ಜಾಗ ಬೇಕಷ್ಟೆ.

ಅಲ್ಲಿ ಏನಿರಬೇಕು? ಬೇಲಿಯುದ್ದಕ್ಕೆ ಅವುರಿಯ ಗಿಡ. ನೆನೆಹಾಕುವ, ಬಡಿಯುವ ಎರಡು ಸಣ್ಣ ತೊಟ್ಟಿ. ಮಾಡಿನ ಕೆಳಗೆ ನಾಲ್ಕು ಗುಡಾಣ: ಒಂದು ಹೊಸದು, ಎರಡು ಹದಕ್ಕೆ ಬಂದವು, ಒಂದು ವಿಶ್ರಾಂತಿಯಲ್ಲಿರುವುದು. ಬಂದವರ ಕೈಗೆ ಮೊದಲು ಎಲೆ ಕೊಡಬೇಕು, ಬಟ್ಟೆ ಆಮೇಲೆ. ಗೋಡೆಯ ಮೇಲೆ ನೊಯ್ಯಲ್ ನದಿಯ ನಕ್ಷೆ, ಒರತ್ತುಪಾಳಯಂ ಅಣೆಕಟ್ಟಿನ ಕಥೆ, 2011ರ ಆದೇಶ ಇರಬೇಕು. ಗುಡಾಣ ನೋಡಿದವರನ್ನು ಅದೇ ದಿನ ಒಂದು ಸಾಮೂಹಿಕ ಶುದ್ಧೀಕರಣ ಘಟಕಕ್ಕೂ ಕರೆದೊಯ್ಯಬೇಕು. ತಿರುಪ್ಪೂರು ಕೋಟಿಗಟ್ಟಲೆ ಖರ್ಚು ಮಾಡಿ ಸಾಧಿಸಿದ್ದನ್ನು ಮುಚ್ಚಿಡುವ ಕಾರಣವಿಲ್ಲ. ಹಳೆಯ ಗುಡಾಣ, ಹೊಸ ಯಂತ್ರ ಎರಡನ್ನೂ ಒಂದೇ ದಿನ ಕಂಡವರಿಗೆ ಸಮಸ್ಯೆಯ ಎರಡೂ ತುದಿ ಅರ್ಥವಾಗುತ್ತದೆ.

ಮೋಸಕ್ಕೆ ಎಡೆ ಇರಬಾರದು. ‘ನೈಸರ್ಗಿಕ ನೀಲಿ’ ಎಂಬ ಹೆಸರಿನ ಎಷ್ಟೋ ಬಟ್ಟೆಗಳಲ್ಲಿ ಬಣ್ಣ ಗಿಡದ್ದಾದರೂ ಅದನ್ನು ಕರಗಿಸಲು ಹೈಡ್ರೋಸ್ ಎಂಬ ಕಾರ್ಖಾನೆಯ ರಾಸಾಯನಿಕ ಮತ್ತು ಕಾಸ್ಟಿಕ್ ಸೋಡಾ ಹಾಕಿರುತ್ತಾರೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ, ಆದರೆ ತ್ಯಾಜ್ಯ ನೀರಿನ ತಲೆನೋವು ಮತ್ತೆ ಶುರು. ಹುದುಗಿನ ಗುಡಾಣವೇ, ಹೈಡ್ರೋಸ್ ಹಾಕಿದ್ದೇ ಎಂದು ನೇರವಾಗಿ ಕೇಳಿ. ಕಸುಬು ಬಲ್ಲವರು ಮುಜುಗರವಿಲ್ಲದೆ ಹೇಳುತ್ತಾರೆ. ಸುಣ್ಣದ ಕ್ಷಾರ ಚರ್ಮಕ್ಕೆ ಒಳ್ಳೆಯದಲ್ಲ. ದಿನವಿಡೀ ಗುಡಾಣದಲ್ಲಿ ಕೈ ಆಡಿಸುವವರಿಗೆ ಕೈಗವಸು, ಸರಿಯಾದ ಕೂಲಿ ಎರಡೂ ಸಿಗಬೇಕು. ಬಟ್ಟೆ ತೊಳೆದ ನೀರನ್ನೂ ಕ್ಷಾರ ತಗ್ಗಿಸಿಯೇ ಗಿಡಗಳಿಗೆ ಬಿಡಬೇಕು. ಕೊಳ್ಳುವವರು ತಿಳಿದಿರಬೇಕಾದ್ದೂ ಇದೆ. ನೀಲಿ ಬಟ್ಟೆ ಮೊದಲ ಕೆಲವು ಸಲ ಉಜ್ಜಿದಲ್ಲಿ ಒಂದಿಷ್ಟು ಬಣ್ಣ ಬಿಟ್ಟೇ ಬಿಡುತ್ತದೆ. ನಾರಿನ ಮೇಲ್ಮೈಗೆ ಅಂಟಿದ ಹೆಚ್ಚುವರಿ ನೀಲಿ ಅದು. ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಿದರೆ ಒಳಗಿನ ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ.

ಇದನ್ನು ಶುರು ಮಾಡಬೇಕಾದವರು ಯಾರೆಂದರೆ, ನನ್ನ ಕಣ್ಣಿಗೆ ಮೊದಲು ಕಾಣುವವರು ಆ ಸೀಮೆಯ ಕೈಮಗ್ಗ ಸಹಕಾರ ಸಂಘಗಳು. ಮಗ್ಗ ಬಲ್ಲ ಮನೆಗಳಿವೆ, ಕನ್ನಡ ತಮಿಳು ಎರಡೂ ಆಡುವ ಜನರಿದ್ದಾರೆ, ಸೀರೆ ಮಾರುವ ಅಂಗಡಿಗಳಿವೆ. ಮಕ್ಕಳು ಮಗ್ಗ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆಂಬ ಕೊರಗು ಅಲ್ಲಿ ಮನೆಮನೆಯಲ್ಲಿದೆ. ಸೀರೆಯ ಕೂಲಿಯ ಜೊತೆಗೆ ಸಂದರ್ಶಕರ ಶುಲ್ಕವೂ ಬಂದರೆ ಒಬ್ಬಿಬ್ಬರಾದರೂ ಮನೆಯ ಕಸುಬಿನಲ್ಲಿ ನಿಲ್ಲುತ್ತಾರೆ. ತಿಂಡಿವನಂ ರೈತರಿಂದ ಬಿಲ್ಲೆ ತರಿಸಿ, ಆರೋವಿಲ್‌ನವರಿಂದ ಗುಡಾಣದ ಹದ ಕಲಿತು, ಒಂದು ಹಳೆಯ ಮಗ್ಗದ ಮನೆಯಲ್ಲಿ ನಾಲ್ಕು ಗುಡಾಣ ಇಟ್ಟರೆ ಕೆಲಸ ಶುರು. ರಫ್ತುದಾರರು ತಮ್ಮ ವಿದೇಶಿ ಗಿರಾಕಿಗಳನ್ನು ಅಲ್ಲಿಗೆ ಕಳಿಸಲಿ, ಶಾಲೆಗಳು ವರ್ಷಕ್ಕೊಂದು ಪ್ರವಾಸವನ್ನು ಅಲ್ಲಿಗೆ ಇಟ್ಟುಕೊಳ್ಳಲಿ. ಮೈಸೂರು, ಚಾಮರಾಜನಗರದಿಂದ ಕೊಯಮತ್ತೂರು ಕೆಲವೇ ಗಂಟೆಗಳ ದಾರಿ. ನಮ್ಮ ಶಾಲಾ ಕಾಲೇಜುಗಳ ಬಸ್ಸುಗಳೂ ಅಲ್ಲಿಗೆ ಹೋಗಲಿ. ನದಿ ಕೆಟ್ಟ ಮೇಲೆ ಕೋರ್ಟಿನಿಂದ ಬುದ್ಧಿ ಕಲಿಯಲು ಒಂದು ತಲೆಮಾರಿನ ಬದುಕೇ ಖರ್ಚಾಯಿತು. ಮುಂದಿನ ತಲೆಮಾರು ಅದೇ ಬುದ್ಧಿಯನ್ನು ಒಂದು ಮಧ್ಯಾಹ್ನದಲ್ಲಿ, ನೀಲಿ ಹಿಡಿದ ಉಗುರುಗಳಿಂದ ಕಲಿಯಬಹುದಾದರೆ, ಅದಕ್ಕೆ ಏರ್ಪಾಡು ಮಾಡಿಕೊಡುವುದು ಬಟ್ಟೆ ಮಾಡುವವರ, ಬಟ್ಟೆ ತೊಡುವವರ ಇಬ್ಬರ ಜವಾಬ್ದಾರಿಯೂ ಹೌದು.